ಅಜ್ಜಿಯ ಆನೆಮರಿ ಮತ್ತು ಬಡಾವಣೆಯ ನಾಟಕ

ನಮ್ಮ ಬಡಾವಣೆಯ ನಾಟಕ ಸಮಿತಿಯವರಷ್ಟು ದಡ್ಡರನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಅರವತ್ತರ ದಶಕದ ಜಯನಗರ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆದರೂ ರಾಮನವಮಿಗೆ ನಾಟಕವಾಗಲೇಬೇಕು, ಅದರಲ್ಲಿ ಅಧ್ಯಕ್ಷರಾದ ನಿವೃತ್ತ ಅಮಲ್ದಾರರು ರಾಜನಾಗಲೇಬೇಕು.

ಆ ವರ್ಷ ಅವರ ಕಣ್ಣು ಬಿದ್ದದ್ದು ನಮ್ಮಜ್ಜಿಯ ಪುಸ್ತಕದ ಮೇಲೆ. ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ ಚಿತ್ರಕಥೆಯ ಹಾಳೆಗಳನ್ನು ನಾನು ವಾರವಾರ ಕತ್ತರಿಸಿಟ್ಟು, ಗೋಣಿದಾರದಲ್ಲಿ ಹೊಲಿದು ಅಜ್ಜಿಗೆ ಕೊಟ್ಟಿದ್ದೆ. ತಪ್ಪಿಸಿಕೊಂಡ ಆನೆಮರಿಗಾಗಿ ಕಾಡೆಲ್ಲ ಅಲೆಯುವ ಹುಡುಗಿಯೊಬ್ಬಳ ಕಥೆ. ಅಜ್ಜಿಗೆ ಅಕ್ಷರ ಬಾರದು. ಚಿತ್ರ ನೋಡಿಕೊಂಡೇ ಓದುತ್ತಿದ್ದಳು. ಜೀವಮಾನದಲ್ಲಿ ಅವಳು ಓದಿದ್ದು ಅದೊಂದೇ ಪುಸ್ತಕ. ಕೊನೆಯ ಪುಟದಲ್ಲಿ ಮರಿ ಸೊಂಡಿಲಿನಿಂದ ಹುಡುಗಿಯ ಜಡೆ ಎಳೆಯುವುದನ್ನು ನೋಡಿ ಪ್ರತಿ ಸಲವೂ ನಗುತ್ತಿದ್ದಳು.

"ನಾಟ್ಕ ಆದ್ಮೇಲೆ ಹೇಗಿತ್ತೋ ಹಾಗೇ ವಾಪಸ್ ಕೊಡ್ತೀವಮ್ಮ," ಎಂದರು ಅಧ್ಯಕ್ಷರು. ಅಜ್ಜಿ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಅಂಥ ದೊಡ್ಡವರು ನನ್ನನ್ನು ಕೇಳಿದರಲ್ಲ ಎಂದು ಉಬ್ಬಿಹೋಗಿ ನಾನೇ ಒಳಗಿನಿಂದ ತಂದುಕೊಟ್ಟೆ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ರಾಮನವಮಿಯ ಸಂಜೆ ಅಜ್ಜಿ ಪಾನಕವನ್ನೂ ಬಿಟ್ಟು ಮುಂದಿನ ಸಾಲಿನಲ್ಲಿ ಕೂತಳು. ಪುಸ್ತಕದಲ್ಲಿ ತುಟಿಪಿಟಕ್ ಎನ್ನದ ಹುಡುಗಿ ರಂಗದ ಮೇಲೆ ಬಾಯಿ ಮುಚ್ಚಲಿಲ್ಲ. ಅವಳ ವೇಷ ಹಾಕಿದ್ದ ಗುಮಾಸ್ತರೊಬ್ಬರು ಮೀಸೆ ತೆಗೆಯಲು ಒಪ್ಪದೆ ಅದರ ಮೇಲೆಯೇ ಪೌಡರ್ ಬಳಿದುಕೊಂಡಿದ್ದರು. ಕಥೆಯಲ್ಲೇ ಇಲ್ಲದ ರಾಜ ಬಂದು ಅರ್ಧ ಗಂಟೆ ಉಪದೇಶ ಮಾಡಿದ. ಆನೆಮರಿಯನ್ನು ಎಲ್ಲಿಂದ ತರೋದೆಂದು, ಹುಡುಗಿ ಹುಡುಕುವುದು ಕಳೆದುಹೋದ ಗಂಡನನ್ನು ಎಂದು ಮಾಡಿಬಿಟ್ಟಿದ್ದರು! ಚಿತ್ರಗಾರ ನಾಲ್ಕು ಗೆರೆಯಲ್ಲಿ ಹೇಳಿದ್ದನ್ನು ಇವರು ಎರಡು ಗಂಟೆ ಅರಚಿದರೂ ಹೇಳಲಾಗಲಿಲ್ಲ. ಮಂಗಳ ಹಾಡುವಾಗ ಅಜ್ಜಿ ನನ್ನನ್ನು ತಿವಿದು, "ನಮ್ ಕಥೆ ಯಾವಾಗ್ಲೇ ಶುರುವಾಗೋದು?" ಎಂದಳು.

ಮಾರನೆಯ ಬೆಳಿಗ್ಗೆ ಪುಸ್ತಕ ಕೇಳಲು ಅಧ್ಯಕ್ಷರ ಮನೆಗೆ ಹೋದೆ. ಕಂಪನಿ ನಾಟಕಗಳಲ್ಲಿ ಪ್ರತಿ ನಟನಿಗೂ ಅವನ ಪಾತ್ರದ ಮಾತುಗಳ ಹಾಳೆಯನ್ನಷ್ಟೇ ಕೊಡುವ ರೂಢಿಯಿತ್ತು. ಈ ಮಹಾಶಯರು ಅದೇ ಶಾಸ್ತ್ರಪ್ರಕಾರ ಹೊಲಿಗೆ ಬಿಚ್ಚಿ, ಚಿತ್ರಗಳನ್ನು ಕತ್ತರಿಸಿ, ಯಾರ ಪಾತ್ರದ ಚಿತ್ರ ಅವರಿಗೆ ಹಂಚಿಬಿಟ್ಟಿದ್ದರು. ಇಬ್ಬರಿದ್ದ ಚಿತ್ರಗಳನ್ನು ನಡುವೆ ಕತ್ತರಿಸಿದ್ದರು. ಯಡಿಯೂರು ಕೆರೆಯವರೆಗೆ ಮನೆಮನೆ ಅಲೆದು ತುಣುಕುಗಳನ್ನು ಒಟ್ಟುಮಾಡಿದೆ. ಹುಡುಗಿ ಸಿಕ್ಕಳು, ಬೇಟೆಗಾರ ಸಿಕ್ಕ, ದೋಣಿಯವನೂ ಸಿಕ್ಕ.

"ಆನೆಮರಿ ಯಾರ ಹತ್ರ ಇದೆ ಸಾರ್?" ಎಂದು ಮತ್ತೆ ಅಧ್ಯಕ್ಷರನ್ನೇ ಹೋಗಿ ಕೇಳಿದೆ.

"ಆ ಪಾತ್ರಾನೇ ತೆಗೆದ್ಬಿಟ್ವಲ್ಲಮ್ಮ. ಅವನ್ನೆಲ್ಲ ಕಸದ ಜೊತೆ ಸುಟ್ಟಾಯ್ತು," ಎಂದರು ಅಧ್ಯಕ್ಷರು, ಪೇಪರಿನಿಂದ ತಲೆಯೆತ್ತದೆ.

ಇದ್ದುದನ್ನೆಲ್ಲ ಮೈದಾ ಗೋಂದಿನಲ್ಲಿ ಅಂಟಿಸಿ ಅಜ್ಜಿಗೆ ಕೊಟ್ಟೆ. ಅವಳು ಬೈಯಲಿಲ್ಲ. ಒಂದೊಂದೇ ಪುಟ ತಿರುವುತ್ತ ಕೊನೆಗೆ ಬಂದಳು. ಅಲ್ಲಿ ಹುಡುಗಿ ಒಬ್ಬಳೇ ನಿಂತು, ಹಿಂದಕ್ಕೆ ತಿರುಗಿ ನಗುತ್ತಿದ್ದಳು. ಅವಳ ಜಡೆ ಕತ್ತರಿಯ ಅಂಚಿಗೆ ಮುಗಿದಿತ್ತು.

"ಪಾಪ, ಇವಳಿಗಿನ್ನೂ ಗೊತ್ತಾಗಿಲ್ಲ," ಎಂದು ಅಜ್ಜಿ ಪುಸ್ತಕವನ್ನು ನನ್ನ ಕೈಗೇ ವಾಪಸು ಕೊಟ್ಟಳು.