ಅತ್ತಿಯವರ ಗೊರಕೆ
ನಾಳೆ ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ ನಮ್ಮ ಅತ್ತಿ ನೀಲವ್ವನವರ ಉಸಿರು ನಿಂತುಬಿಟ್ಟರೆ ಏನು ಗತಿ ಎಂಬ ಚಿಂತೆ ನನ್ನನ್ನು ಬಿಡುತ್ತಿಲ್ಲ. ಅವರಿಗೆ ಮಾತ್ರ ಅದರ ಗೊಡವೆಯೇ ಇಲ್ಲ. ಹರ್ನಿಯಾ ಆಪರೇಶನ್ ಶಿಗ್ಗಾಂವಿಯ ಸಣ್ಣ ದವಾಖಾನೆಯಲ್ಲಿ. ತೂಕದ ಮಶೀನು ಹತ್ತಿದರೆ ಅದು ಕೆಟ್ಟಿದೆ ಅನ್ನುತ್ತಾರೆ. ‘ಬೊಜ್ಜಲ್ಲವಾ ಇದು, ಉಂಡುಟ್ಟ ಮನಿ ಲಕ್ಷಣ’ ಎಂದು ನನ್ನ ಬಡಕಲು ಕೈ ಹಿಡಿದು ಬಂದವರಿಗೆಲ್ಲ ತೋರಿಸುತ್ತಾರೆ. ಆಪರೇಶನ್ನಿಗೆ ಉಪವಾಸ ಇರಬೇಕೆಂದರೆ, ‘ಶ್ರಾವಣ ಸೋಮವಾರ ಹಿಡಿದಾಕಿಗೆ ನೀ ಏನ ಕಲಸ್ತೀಯವಾ’ ಎನ್ನುತ್ತ ಬೆಳಗಿನ ಖಿಚಡಿಗೆ ಸಾಬೂದಾಣಿ ನೆನೆಹಾಕಿದ್ದಾರೆ. ಉಪವಾಸಕ್ಕೆ ಅದು ನಡೆಯುತ್ತದಂತೆ. ಹುಬ್ಬಳ್ಳಿಯಿಂದ ಬರುವ ಅರಿವಳಿಕೆ ಡಾಕ್ಟರು, ‘ಗೊರಕಿ ಹೊಡಿತೀರೇನ್ರಿ? ನಿದ್ದ್ಯಾಗ ಉಸಿರು ಕಟ್ಟತೈತೇನ್ರಿ?’ ಎಂದು ಕೇಳಿದಾಗ, ‘ಗೊರಕಿ ನಮ್ಮ ಮನಿಯವರದಿತ್ರಿ’ ಎಂದು ತೀರಿಹೋದ ಮಾವನವರ ತಲೆಗೆ ಕಟ್ಟಿದರು. ಹೊರಗೆ ಬಂದು ನಾನು ಸಿಡುಕಿದ್ದಕ್ಕೆ, ‘ಖರೇ ಹೇಳಿದ್ರ ದೊಡ್ಡ ದವಾಖಾನಿಗೆ ಕಳಸ್ತಾರ. ಅಷ್ಟು ದಿನ ಕೂಸನ್ನ ಯಾರು ನೋಡ್ಬೇಕ?’ ಅಂದರು. ನನ್ನ ಮಗಳು ಹುಟ್ಟಿದಾಗಿನಿಂದ ಅತ್ತಿ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, ಗೋಡೆಗೆ ಒರಗಿ ಕುಂತೇ ನಿದ್ದೆ ಮಾಡುತ್ತಾರೆ, ಅಕ್ಕರೆ ಅಂದುಕೊಂಡಿದ್ದೆ. ಇವತ್ತು ಮಧ್ಯಾಹ್ನ ಕೂಸು ನನ್ನ ಕಂಕುಳಲ್ಲಿತ್ತು. ಅತ್ತಿ ಖಾಲಿ ತೊಡೆಯ ಮೇಲೆ ದಿಂಬಿಟ್ಟುಕೊಂಡು, ಹಾಗೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಅಡ್ಡಾದರೆ ಉಸಿರು ಕಟ್ಟುವುದು ಅವರಿಗೂ ಎಂದೋ ಗೊತ್ತಾಗಿತ್ತು. ಸಾಬೂದಾಣಿ ಪಾತೇಲಿ ಒಯ್ದು ನೆರೆಮನೆಗೆ ಕೊಟ್ಟು ಫೋನು ಹಚ್ಚಿದೆ: ‘ಡಾಕ್ಟ್ರ, ನೀಲವ್ವನವರ ಸೊಸಿ ಮಾತಾಡಾಕತ್ತೇನ್ರಿ. ಆ ಗೊರಕಿ ನಮ್ಮ ಮಾವನವರದಲ್ರಿ.’