ಮಾವನ ಜೇಬಿನಲ್ಲಿದ್ದ ಗಾಳಿ

ನಮ್ಮ ಮನೆಯ ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎಂಬುದಕ್ಕೂ ಹೊರಗಿನ ಬಿಸಿಲಿಗೂ ಸಂಬಂಧವೇ ಇರಲಿಲ್ಲ. ಅದನ್ನು ತೀರ್ಮಾನಿಸುವವರು ನಮ್ಮ ಮಾವ. ರೆಗ್ಯುಲೇಟರನ್ನು ಎರಡಕ್ಕೆ ತಿರುಗಿಸಿ, ಅದರ ಕರಿ ನಾಬನ್ನು ಪಟಕ್ಕನೆ ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡುಬಿಡುತ್ತಿದ್ದರು. ಗೋಡೆಯಲ್ಲಿ ಉಳಿಯುತ್ತಿದ್ದದ್ದು ಬೆರಳಿಗೂ ಇಕ್ಕಳಕ್ಕೂ ಸಿಗದ ಒಂದು ಮೋಟು ಕಡ್ಡಿ. ಒಮ್ಮೆ ನನ್ನ ಗಂಡ ಅಂಗಡಿಯಿಂದ ಹೊಸ ನಾಬ್ ತಂದಿದ್ದರು. ಮಾವ ಅದನ್ನು ಕಿಟಕಿಯಿಂದಾಚೆ ಎಸೆದು, ತಮ್ಮ ಹಳೇದು ಇದೆಯೋ ಇಲ್ಲವೋ ಎಂದು ಜೇಬು ಮುಟ್ಟಿ ನೋಡಿಕೊಂಡರು.

ಮಾವ ಮೂವತ್ತೆರಡು ವರ್ಷ ಮಿಲ್ಲಿನಲ್ಲಿ ಬಾಯ್ಲರ್ ಕಾದವರು. ಅಂಥ ಮೈಗೆ ನಮ್ಮ ಬೇಸಿಗೆಯೂ ಚಳಿಗಾಲವೇ. ಅದು ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಮಂಚ ಹಾಕಿಸಿಕೊಂಡಿದ್ದು ಎಲ್ಲಿ? ಹಾಲಿನ ನಟ್ಟನಡುವೆ, ಫ್ಯಾನಿನ ನೇರ ಕೆಳಗೆ! ಗೋಡೆಯ ಕಡೆ ಸರಿಸೋಣ ಎಂದರೆ, "ಯಜಮಾನನ ಮಂಚ ಮೂಲೇಲಿ ಹಾಕ್ತಾರೇನೇ?" ಎಂದು ಗದರುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನಾನು ಹೇಳಹೊರಟಿರುವುದು ಅವರ ಕತೆಯಲ್ಲ, ನನ್ನ ವಾರಗಿತ್ತಿಯ ಕತೆ. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ಅವಳು ಕೆಲಸ ಮಾಡುವ ಲಾಂಡ್ರಿಯಲ್ಲಿ ಎಲ್ಲರಿಗೂ ಇಸ್ತ್ರಿ ಅಕ್ಕ. ಭಾವ ಲಾರಿ ಓಡಿಸುತ್ತಾರೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಅಕ್ಕ ಮಲಗುವುದು ಹಾಲಿನಲ್ಲಿ, ಅತ್ತೆಯ ಪಕ್ಕ. ಇಪ್ಪತ್ತಾರು ವರ್ಷದಿಂದ ದಿನಕ್ಕೆ ಒಂಬತ್ತು ಗಂಟೆ ಹಬೆ ಕಾರುವ ಪ್ರೆಸ್ಸಿನ ಮುಂದೆ ನಿಲ್ಲುತ್ತಾಳೆ. ಆಸ್ಪತ್ರೆಯ ಹಾಸು, ಹೋಟೆಲಿನ ಹೊದಿಕೆ, ಸಾಹೇಬರುಗಳ ಕಾಲರು, ಏನೇ ಕೊಡಿ, ಅವಳ ಕೈ ದಾಟಿದ ಮೇಲೆ ಒಂದು ಸುಕ್ಕು ಹುಡುಕಿ ತೋರಿಸಿ ನೋಡೋಣ.

ಐವತ್ತೊಂದಕ್ಕೆ ಅವಳ ಮುಟ್ಟು ನಿಂತಿತು, ಮೈಯೊಳಗೆ ಇನ್ನೊಂದು ಬಾಯ್ಲರ್ ಶುರುವಾಯಿತು. ಕೂತಲ್ಲಿ ನಿಂತಲ್ಲಿ ಎದೆಯಿಂದ ಕಿವಿಯವರೆಗೆ ಝುಮ್ಮನೆ ಕಾವೇರುತ್ತಿತ್ತು. ರಾತ್ರಿಯಿಡೀ ನಿದ್ದೆಯಿಲ್ಲ, ಹಗಲು ಪ್ರೆಸ್ಸಿನ ಮುಂದೆ ತೂಕಡಿಕೆ. ಒಂದೇ ತಿಂಗಳಲ್ಲಿ ಎರಡು ಸಲ ಮುಂಗೈ ಸುಟ್ಟುಕೊಂಡಳು. ಲಾಂಡ್ರಿಯ ಮೇಸ್ತ್ರಿ ಕೆಟ್ಟವನಲ್ಲ, ಆದರೂ ಹೇಳಿಯೇಬಿಟ್ಟ: "ಅಕ್ಕಾ, ಇನ್ನೊಂದು ಸಲ ಹೀಗಾದ್ರೆ ನಾನು ನಿಮ್ಮನ್ನ ಪ್ರೆಸ್ಸಲ್ಲಿ ನಿಲ್ಲಿಸೋಕಾಗಲ್ಲ. ಮನೆಗೆ ಕಳಿಸಬೇಕಾಗತ್ತೆ."

ಒಂದು ಟೇಬಲ್ ಫ್ಯಾನ್ ತಂದಳು. ಅದರ ಗಾಳಿಯೂ ತಮ್ಮ ಮಂಚಕ್ಕೇ ಬಡಿಯುತ್ತದೆ ಎಂದು ಮಾವ ಅದನ್ನು ಅಟ್ಟಕ್ಕೇರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇವರಿಗೆ ಚಳಿ, ಅವಳ ಕೈಗೆ ಬರೆ. ನನಗೆ ಮೈಯೆಲ್ಲ ಉರಿದುಹೋಯಿತು.

ಪ್ರತಿ ಭಾನುವಾರ ಮಾವನ ಆರು ಅಂಗಿಗಳಿಗೆ ಇಸ್ತ್ರಿ ಹಾಕುವವಳೂ ಅಕ್ಕನೇ. ಆ ಭಾನುವಾರ ಒಂದು ಅವರ ಮೈಮೇಲಿತ್ತು, ಐದು ಅವಳ ಮುಂದಿದ್ದವು. ನಾನು ಹೋಗಿ ನೋಡಿದರೆ ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿದೆ, ಅವಳ ಕೈಯಲ್ಲಿ ಸೂಜಿ ದಾರ! ಒಂದೊಂದೇ ಅಂಗಿಯ ಜೇಬಿನ ಬಾಯಿ ಹೊಲಿಯುತ್ತಿದ್ದಾಳೆ.

"ಅಯ್ಯೋ ಅಕ್ಕಾ, ಮಾವ ಸುಮ್ನಿರ್ತಾರಾ?"

"ಇರದಿದ್ರೆ ಇರ್ಲಿ. ನಾನು ಸುಮ್ನಿದ್ದು ಏನ್ ಕಡಿದು ಗುಡ್ಡೆ ಹಾಕ್ದೆ?"

ಸೋಮವಾರ ಬೆಳಿಗ್ಗೆ ಮಾವ ಸ್ನಾನ ಮಾಡಿ ಗರಿಗರಿ ಅಂಗಿ ತೊಟ್ಟರು. ನಾಬನ್ನು ಜೇಬಿಗೆ ಇಳಿಬಿಟ್ಟರು, ಅದು ಟಣ್ಣನೆ ನೆಲಕ್ಕೆ ಬಿತ್ತು. ಎತ್ತಿ ಇನ್ನೊಮ್ಮೆ ಹಾಕಿದರು, ಮತ್ತೆ ಟಣ್. ಬೇರೆ ಅಂಗಿ ತೆಗೆದರು. ಐದೂ ಅಷ್ಟೇ. ಪಾಯಿಜಾಮಕ್ಕೆ ಮೊದಲೇ ಜೇಬಿಲ್ಲ. ನಾಬನ್ನು ಮುಷ್ಟಿಯಲ್ಲಿ ಹಿಡಿದೇ ಕೂತರು. ಆದರೆ ಚಹಾದ ಲೋಟ ಹಿಡಿಯಲು ಒಂದು ಕೈ ಬೇಕು, ಪೇಪರಿನ ಹಾಳೆ ತಿರುಗಿಸಲು ಇನ್ನೊಂದು ಬೇಕು. ಕೊನೆಗೆ ಅದನ್ನು ಮೇಜಿನ ಮೇಲಿಟ್ಟರು. ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟಿದ್ದ ಅಕ್ಕ ಅವರ ಕಣ್ಣೆದುರೇ ಅದನ್ನೆತ್ತಿ, ಗೋಡೆಗೆ ಸಿಕ್ಕಿಸಿ, ಐದಕ್ಕೆ ತಿರುಗಿಸಿದಳು. ಪೇಪರು ಹಾರಿ ಬಾಗಿಲಿಗೆ ಬಡಿಯಿತು.

"ಯಾರು ಹೊಲಿದಿದ್ದು?"

"ನಾನೇ, ಮಾವ."

"ಎಷ್ಟು ಧೈರ್ಯ ನಿಂಗೆ! ನಾನು ಬೆಂಕಿ ಮುಂದೆ ಮೂವತ್ತೆರಡು ವರ್ಷ ನಿಂತವನು. ಸೆಖೆ ಗಿಖೆ ಎಲ್ಲ ಮನಸ್ಸಲ್ಲಿರೋದು."

"ಹಾಗಾದ್ರೆ ಚಳೀನೂ ಮನಸ್ಸಲ್ಲೇ ಇರ್ಬೇಕಲ್ಲ!" ಅಕ್ಕ ತೋಳು ಸರಿಸಿ ಕೈ ಮುಂದೆ ಚಾಚಿದಳು. "ನೋಡಿ ಇದನ್ನ. ಎರಡಾಗಿದೆ. ಮೂರನೇದು ಬಿದ್ರೆ ನನ್ನ ಕೆಲಸ ಹೋಗತ್ತೆ. ನಿಮ್ಗೆ ಚಳಿ ಆಗಲ್ಲ ಅಂತ ನಾನು ಯಾವತ್ತಾದ್ರೂ ಅಂದಿದೀನಾ? ನಿಮ್ಮ ಚಳಿಗೆ ಕಂಬಳಿ ಇದೆ. ನನ್ನ ಸೆಖೆಗೆ ಏನ್ ಮಾಡ್ಲಿ, ಚರ್ಮ ಬಿಚ್ಚಿ ಮೊಳೆಗೆ ನೇತುಹಾಕ್ಲಾ?"

ನಾನು ಮದುವೆಯಾಗಿ ಬಂದ ಹದಿನೇಳು ವರ್ಷದಲ್ಲಿ ಆ ಹಾಲಿನಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಕೇಳಿರಲಿಲ್ಲ. ಭಲೇ ಅಕ್ಕಾ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಅನ್ನಲಿಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ.

ಮಾವ ಎದ್ದು ನಾಬನ್ನು ಎರಡಕ್ಕೆ ಇಳಿಸಿ ಕಿತ್ತರು. ದಡದಡನೆ ಬಚ್ಚಲಿಗೆ ಹೋದರು. ಬಂದಾಗ ಮೈಮೇಲೆ ನಿನ್ನೆಯ ಕೊಳೆ ಅಂಗಿ, ಬಕೆಟ್ಟಿನಿಂದ ಎತ್ತಿ ತೊಟ್ಟದ್ದು, ಬೆವರಿನ ವಾಸನೆ ಗಮ್ಮೆನ್ನುತ್ತಿತ್ತು. ಅದೊಂದರ ಜೇಬು ಮಾತ್ರ ತೆರೆದಿತ್ತಲ್ಲ! ನಾಬನ್ನು ಅದರೊಳಗೆ ಹಾಕಿ ಮೇಲಿಂದ ಎರಡು ಸಲ ತಟ್ಟಿದರು. ಅಕ್ಕನ ಮುಖ ಕಪ್ಪಿಟ್ಟಿತು. ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ ಚಪ್ಪಲಿ ಮೆಟ್ಟತೊಡಗಿದಳು.

ಆಗ ಅಡುಗೆಮನೆಯಿಂದ ಅತ್ತೆ ಬಂದರು. ಎಪ್ಪತ್ತಮೂರರ ಅತ್ತೆ, ಗಂಡನ ಎದುರು ತುಟಿ ಪಿಟಕ್ಕೆನ್ನದ ಹೆಂಗಸು.

"ಏನ್ರೀ, ಆ ಅಂಗಿ ಬಿಚ್ಚಿ ಕೊಡಿ ಇಲ್ಲಿ."

"ಆಮೇಲೆ ಒಗೆಯುವೆಯಂತೆ, ಹೋಗು."

"ಒಗೆಯೋಕಲ್ಲ. ಹೊಲಿಯೋಕೆ."

ಮಾವ ಜೇಬಿಗೆ ಕೈ ಅಡ್ಡ ಹಿಡಿದರು.

"ಇವಳ ವಯಸ್ಸಲ್ಲಿ ನಂಗೂ ಹೀಗೇ ಆಗಿತ್ತು. ನಾಲ್ಕು ಬೇಸಿಗೆ ಬಚ್ಚಲುಮನೆ ಕಲ್ಲಿನ ಮೇಲೆ ಮಲಗಿದ್ದೆ. ಬೆಳಿಗ್ಗೆ ನನ್ನ ದಾಟ್ಕೊಂಡೇ ಮುಖ ತೊಳೀತಿದ್ರಿ. ಯಾಕೆ ಇಲ್ಲಿ ಬಿದ್ದಿದೀಯ ಅಂತ ಒಂದು ದಿನ ಕೇಳಿದ್ರಾ?"

ಮಾವ ಅತ್ತೆಯ ಮುಖವನ್ನೇ ನೋಡಿದರು, ಆಮೇಲೆ ಬಚ್ಚಲುಮನೆಯ ಬಾಗಿಲ ಕಡೆ ನೋಡಿದರು. ಕೈ ತಾನಾಗಿ ಎದೆಯ ಮೇಲಿನ ಗುಂಡಿಗೆ ಹೋಯಿತು.

ಅತ್ತೆ ಅವರಿಗೆ ಕಾಯಲಿಲ್ಲ. ಗೋಡೆಗೆ ಆನಿಸಿಟ್ಟ ಚಾಪೆ ಬಿಡಿಸಿ ಮಂಚದ ಪಕ್ಕದಲ್ಲೇ ಕೂತು, ಕೈಯಲ್ಲಿದ್ದ ಸೂಜಿ ದಾರವನ್ನು ಅಕ್ಕನ ಕಡೆ ಚಾಚಿದರು. "ಕೆಲಸಕ್ಕೆ ಎರಡು ನಿಮಿಷ ತಡವಾದ್ರೂ ಪರವಾಗಿಲ್ಲ. ನಂಗೆ ಕಣ್ಣು ಕಾಣಲ್ಲ ಕಣೇ, ದಾರ ಪೋಣಿಸಿ ಕೊಟ್ಟು ಹೋಗು."