ಬರಿತಲೆಯ ಅಕ್ಷರಗಳು

ಲೋಕದ ಎಲ್ಲ ಕಡೆ ಕನ್ನಡದ ಅಕ್ಷರಗಳು ತಲಕಟ್ಟು ಹೊತ್ತುಕೊಂಡೇ ಹುಟ್ಟುತ್ತವೆ. ಇಂಡಿ ಪೇಟೆಯ ನಬಿಸಾಬರ ಭಾಂಡೆ-ಪಾತ್ರೆ ಅಂಗಡಿಯಲ್ಲಿ ಮಾತ್ರ ಅವು ಬರಿತಲೆಯಲ್ಲಿ ಹುಟ್ಟಿ, ಸಾಲಾಗಿ ನಿಂತು, ರುಮಾಲು ಬರುವ ತನಕ ಕಾಯುತ್ತವೆ. ಕಾಯಿಸುವವಳು ಇಂದ್ರಾಬಾಯಿ. ಸಾಲೋಟಗಿಯಿಂದ ದಿನಾ ಬಸ್ಸಿಗೆ ಬಂದು, ಬಾಗಿಲ ಬೆಳಕಿಗೆ ಕೂತು, ಮದುವೆಯ ಕೊಡ, ಪರಾತ, ತಂಬಿಗೆಗಳ ಮೇಲೆ ಟರ್ರೆನ್ನುವ ಯಂತ್ರದಿಂದ ಹೆಸರು ಕೊರೆಯುವುದು ಆಕೆಯ ಕೆಲಸ. ಕೊಂಬು, ದೀರ್ಘ, ಒತ್ತು ಎಲ್ಲ ಮೊದಲೇ ಬಂದುಬಿಡುತ್ತವೆ. ತಲಕಟ್ಟು ಮಾತ್ರ ಇಲ್ಲ. ಹೆಸರು, ಊರು, ತಾರೀಖು ಮುಗಿದ ಮೇಲೆ ಆಕೆ ಯಂತ್ರ ಕೆಳಗಿಟ್ಟು ನಿಧಾನಕ್ಕೆ ಚಾ ಕುಡಿಯುತ್ತಾಳೆ. ಆಮೇಲೆ ಮೊದಲಿನಿಂದ ಹಿಡಿದು ಒಂದೊಂದು ತಲೆಗೂ ಟಕ್, ಟಕ್ ಎಂದು ರುಮಾಲು ಸುತ್ತುತ್ತಾಳೆ.

ಈ ಮಹಾವಿಚಿತ್ರಕ್ಕೆ ಸುತ್ತಲ ತಾಲ್ಲೂಕುಗಳಲ್ಲಿ ತಲೆಗೊಂದು ಸಿದ್ಧಾಂತ. ಸಿಂದಗಿಯ ನಿವೃತ್ತ ಮಾಸ್ತರೊಬ್ಬರ ಪ್ರಕಾರ ಇದು ಸಾಲೋಟಗಿಯ ಹಳೆಯ ಶಾಸನದ ಪ್ರಭಾವ. ಊರಿನ ಕಲ್ಲೇ ಆಕೆಯ ಕೈಯಲ್ಲಿ ಮಾತಾಡುತ್ತಿದೆ. ಆ ಶಾಸನವನ್ನು ಇಂದ್ರಾಬಾಯಿ ನೋಡಿದ್ದು ಒಂದೇ ಸಲ, ಅದೂ ತಪ್ಪಿಸಿಕೊಂಡ ಆಡು ಹುಡುಕುವಾಗ. ಬಸವನ ಬಾಗೇವಾಡಿಯ ಭಾಷಣಕಾರರೊಬ್ಬರು ಇದನ್ನು ಸಮಾನತೆಯ ಸಂದೇಶವೆಂದು ಸಾರಿ ಚಪ್ಪಾಳೆ ಗಿಟ್ಟಿಸಿದ್ದಾರೆ: ಮೊದಲು ಯಾರಿಗೂ ರುಮಾಲಿಲ್ಲ, ಆಮೇಲೆ ಎಲ್ಲರಿಗೂ ರುಮಾಲು! ಬ, ಲ, ಜ, ಣಗಳಿಗೆ ಕೊನೆಗೂ ರುಮಾಲೇ ಸಿಗದ ಅನ್ಯಾಯದ ಬಗ್ಗೆ ಅವರು ತುಟಿ ಬಿಚ್ಚಲಿಲ್ಲ. ಮುದ್ದೇಬಿಹಾಳದ ಡಾಕ್ಟರೊಬ್ಬರು ಮೆದುಳಿನ ವಿಚಾರ ಏನೋ ಅಂದರಂತೆ. ಇಂಡಿಯವರದು ಮಾತ್ರ ಚಿಕ್ಕ ಸಿದ್ಧಾಂತ: "ಆಕಿ ಇರೂದs ಹಂಗ."

ಮೊನ್ನೆ ಹೂವಿನ ಹಿಪ್ಪರಗಿಯಿಂದ ರಾವಸಾಬರು ಮಗಳ ಮದುವೆಗೆಂದು ಅಂಗಡಿಯ ಅರ್ಧ ಭಾಂಡೆ ಖರೀದಿ ಮಾಡಿದರು. ತಲೆಯ ಮೇಲೆ ದೊಡ್ಡ ರುಮಾಲು. ಮೊದಲ ಕೊಡದ ಮೇಲೆ ತಮ್ಮ ಹೆಸರು ನೋಡಿದವರೇ ರುಮಾಲು ಸರಿಮಾಡಿಕೊಂಡರು. ನಿಜ ಹೇಳಬೇಕೆಂದರೆ ಆ ಹೆಸರಿನಲ್ಲಿ ತಲಕಟ್ಟು ಬೇಡುವುದು 'ವ' ಒಂದೇ. ಆದರೆ ಆ ಒಂದು 'ವ'ದ ತಲೆಯ ಮೇಲೆ ಇಡೀ ಮನೆತನ ಕೂತಿತ್ತು.

"ಏನವಾ ಇದು? ನಮ್ಮ ಹೆಸರು ಬರಿತಲೀಲೆ ನಿಂತೈತಲ್ಲ!"

"ನಿಂದರ್ಲಿ ಬಿಡ್ರಿ. ಇಲ್ಲೇನ್ ಬಿಸಿಲಿಲ್ಲ."

"ಬರದ ಕೂಡ್ಲೆ ತಲಕಟ್ಟ ಹಾಕು. ಇಲ್ಲಂದ್ರ ಸಾಮಾನು ವಾಪಸ್ ಇಟ್ಕೋರಿ. ನಾ ಸಿಂದಗ್ಯಾಗ ತಗೋತೇನಿ."

ನಬಿಸಾಬರ ಮುಖ ತೊಳೆದ ತಂಬಿಗೆಯಂತೆ ಬೆಳ್ಳಗಾಯಿತು. "ಇಂದ್ರಾಬಾಯಿ, ಇವತ್ತೊಂದ ದಿನ ಅವರು ಹೇಳಿದಂಗ..."

"ಸಿಂದಗಿ ಬಸ್ಸು ಬರೂ ಹೊತ್ತಾತ್ರಿ," ಎಂದಳು ಇಂದ್ರಾಬಾಯಿ, ಎರಡನೇ ಕೊಡ ತೊಡೆಯ ಮೇಲಿಟ್ಟುಕೊಳ್ಳುತ್ತ. "ಇಲ್ಲೇ ಎದುರಿಗೇ ನಿಂದರತೈತಿ."

ರಾವಸಾಬರು ಚಪ್ಪಲಿ ಹುಡುಕತೊಡಗಿದರು. ಗಿರಾಕಿಯನ್ನು ಹಿಡಿದು ನಿಲ್ಲಿಸಲು ನಬಿಸಾಬರಿಗೆ ಉಳಿದದ್ದು ಒಂದೇ ದಾರಿ. "ಕುಂದರ್ರಿ ಸಾಹುಕಾರ್ರ. ಈಕಿ ಸಣ್ಣಾಕಿ ಇದ್ದಾಗಿನ ಒಂದು ಸುದ್ದಿ ಐತಿ. ಕೇಳಿ, ಆಮ್ಯಾಗ ಹೋಗ್ರಿ," ಎಂದು ಕಥೆ ಶುರುಮಾಡಿದರು.

ಕಥೆ ನಲವತ್ತು ವರ್ಷ ಹಿಂದಿನದು. ಇಂದ್ರಾಬಾಯಿ ಆಗ ಊರ ಶಾಲೆಯಲ್ಲಿ ಐದನೇ ಇಯತ್ತೆಯ ಇಂದ್ರಿ. ಪಾಟಿಯ ಮೇಲೆ ತಿದ್ದಿ ತಿದ್ದಿ, ಅಳಿಸಿ ಅಳಿಸಿ, ಅಂಗಿಯ ತೋಳನ್ನೇ ಬೂದಿಬಣ್ಣ ಮಾಡಿಕೊಂಡು ಅಕ್ಷರ ಕಲಿತವಳು. ಆಕೆಯ ಗೆಳತಿ ಕಾವೇರಿಯ ಅಪ್ಪ ಬಸ್ಸಿನ ಕಂಡಕ್ಟರು. ಆತ ವಿಜಾಪುರದಿಂದ ಮಗಳಿಗೆ 'ಗುಬ್ಬಿ ಪಡೆ' ಎಂಬ ಮಾಲೆಯ ಪುಸ್ತಕ ತರುತ್ತಿದ್ದ. ದೊಡ್ಡ ಅಕ್ಷರ, ಅರ್ಧ ಪುಟ ಚಿತ್ರ. ಊರೂರು ತಿರುಗಿ ಕಳ್ಳರನ್ನು ಹಿಡಿಯುವ ನಾಲ್ಕು ಮಕ್ಕಳು. ಪ್ರತಿ ಭಾಗದ ಕೊನೆಗೂ ಕೈಗೆ ಸಿಗದೆ ಮಾಯವಾಗುವ ಒಬ್ಬ ಕರಿ ಕೊಡೆಯವನು. ಅವನ್ಯಾರು ಎಂಬುದು ಕೊನೆಯ ಭಾಗದಲ್ಲಿ ಗೊತ್ತಾಗಬೇಕು.

ಕಾವೇರಿಯ ಕಾನೂನು ಕಡಕ್ಕು: ಪುಸ್ತಕ ಶಾಲೆಯ ಹೊರಗೆ ಹೋಗಬಾರದು. ಬೆಳಗಿನ ಪ್ರಾರ್ಥನೆ ಹೊತ್ತಿಗೆ ಕೊಟ್ಟರೆ ಸಂಜೆ ಗಂಟೆಗೆ ವಾಪಸ್. ಮಾಳಿಂಗಪ್ಪ ಮಾಸ್ತರರ ಕಾನೂನು ಇನ್ನೂ ಕಡಕ್ಕು: ತರಗತಿಯಲ್ಲಿ ಕಥೆ ಪುಸ್ತಕ ಓದುವುದು ಅಪರಾಧ. ಆದರೆ ಬರೆಯುವುದು ಪುಣ್ಯ! ತಲೆ ತಗ್ಗಿಸಿ ಕಾಪಿ ಬರೆಯುವ ಮಗುವಿನ ಹತ್ತಿರ ಮಾಸ್ತರರ ಕೋಲು ಸುಳಿಯುತ್ತಿರಲಿಲ್ಲ. ಇವೆರಡು ಕಾನೂನುಗಳ ನಡುವಿನ ಸಂದಿಯಲ್ಲಿ ಇಂದ್ರಿ ನುಸುಳಿದಳು. ಪುಸ್ತಕವನ್ನು ಪಾಟಿಯ ಹಿಂದೆ ಆನಿಸಿಟ್ಟುಕೊಂಡು ಇಡಿಯಾಗಿ ನಕಲು ಮಾಡತೊಡಗಿದಳು.

ಹೊತ್ತು ಸಾಲುತ್ತಿರಲಿಲ್ಲ. ಆಗಲೇ ಆಕೆಗೆ ಆ ಮಹಾ ಉಪಾಯ ಹೊಳೆದದ್ದು. ಅಕ್ಷರದ ಮೈ ಬರೆಯಲು ಪುಸ್ತಕ ಬೇಕು, ತಲಕಟ್ಟಿಗೆ ಯಾಕೆ ಬೇಕು? ಮೈ ಶಾಲೆಯಲ್ಲಿ, ರುಮಾಲು ಮನೆಯಲ್ಲಿ. ಕೈ ಓಡುವ ರಭಸದಲ್ಲಿ ಕಥೆ ಒಂದಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಸಂಜೆ ಒಲೆಯ ಮುಂದೆ ಕೂತು ಒಂದೊಂದೇ ತಲಕಟ್ಟು ಹಾಕುವಾಗಲೇ ಕಳ್ಳ ಯಾರು, ಓಡಿದ್ದೆತ್ತ ಎಂಬುದು ತಿಳಿಯುತ್ತಿತ್ತು. ಆಕೆಗೆ ತಲಕಟ್ಟು ಹಾಕುವುದೆಂದರೇ ಓದುವುದು.

ಹೀಗೆ ಬರೆದೂ ಬರೆದೂ ಅಕ್ಷರ ಕಡಲೆ ಕಾಳಿನಂತೆ ದುಂಡಗಾದವು. ಮಾಸ್ತರರು ಹಿಗ್ಗಿ ಹೋಗಿ ಇಂಡಿಯ ಕೈಬರಹ ಸ್ಪರ್ಧೆಗೆ ಇಂದ್ರಿಯನ್ನೇ ಆರಿಸಿದರು. ಅದೇ ವಾರ ಕಾವೇರಿ ಕೊನೆಯ ಭಾಗ ತಂದಳು. "ನಮ್ಮಪ್ಪಗ ಮುದ್ದೇಬಿಹಾಳಕ್ಕ ವರ್ಗ ಆಗೇತಿ. ನಾಳಿ ಹೊಂಟೇವಿ. ಇವತ್ತ ಸಂಜೀತನಾ ಅಷ್ಟ ನೋಡು."

ಇಂದ್ರಿ ಅರ್ಧ ಪುಸ್ತಕ ಇಳಿಸಿದ್ದಳು. ಅಷ್ಟರಲ್ಲಿ ಮಾಸ್ತರರ ನೆರಳು ಕಾಪಿಯ ಮೇಲೆ ಬಿತ್ತು. ಪಾಟಿಯ ಹಿಂದಿನ ಪುಸ್ತಕ ಅವರಿಗೆ ಕಾಣಲಿಲ್ಲ. ಬರಿತಲೆಯ ಸೈನ್ಯ ಕಂಡಿತು.

"ಏ ಇಂದ್ರಿ, ತಲಕಟ್ಟ ಎಲ್ಲವ?"

"ಮನ್ಯಾಗ ಹಾಕ್ತೇನ್ರಿ ಸರ."

"ತಲಿ ಸಾಲ್ಯಾಗ, ರುಮಾಲು ಮನ್ಯಾಗೇನು?" ತರಗತಿ ಗೊಳ್ಳೆಂದಿತು. "ಇಂಡ್ಯಾಗ ನನ್ನ ಮಾನ ಕಳೀತಿ. ಸಂಜೀತನಾ ನನ್ನ ಮುಂದ ಕುಂತು, ಆಗಿಂದಾಗ ತಲಕಟ್ಟ ಹಾಕಿ ಬರಿ. ಇಲ್ಲಂದ್ರ ಸ್ಪರ್ಧೆಗೆ ನೀ ಇಲ್ಲ."

ಒಂದು ಕಡೆ ಇಂಡಿ, ಬಹುಮಾನದ ಕಂಪಾಸ್ ಪೆಟ್ಟಿಗೆ, ಬಸ್ ನಿಲ್ದಾಣದ ಬಿಸಿ ಭಜಿ. ಇನ್ನೊಂದು ಕಡೆ, ನಾಳೆ ಕಾವೇರಿಯ ಚೀಲದಲ್ಲಿ ಶಾಶ್ವತವಾಗಿ ಮುದ್ದೇಬಿಹಾಳಕ್ಕೆ ಪರಾರಿಯಾಗಲಿರುವ ಕರಿ ಕೊಡೆಯವನು.

"ಹಂಗಾರ ನಾ ಇಂಡಿಗೆ ಬರೂದಿಲ್ರಿ ಸರ."

ಮಾಸ್ತರರ ಕೈಯ ಸುಣ್ಣದ ಕಡ್ಡಿ ಮುರಿಯಿತು. "ಎದುರು ಮಾತಾಡ್ತಿ? ಹೊರಗ ನಿಂದ್ರು! ಕಾಪಿ ತಗೊಂಡs ನಿಂದ್ರು, ಮಂದಿ ನೋಡ್ಲಿ ನಿನ್ನ ಬೋಳ ಅಕ್ಷರ!"

ಇದಕ್ಕಿಂತ ದೊಡ್ಡ ವರವನ್ನು ಯಾವ ದೇವರೂ ಕೊಡಲಾರ. ಕಿಟಕಿಯ ಪಕ್ಕದಲ್ಲಿ ಕೂರುವವಳು ಕಾವೇರಿ. ಆಕೆ ಪುಸ್ತಕವನ್ನು ಸರಳಿಗೆ ಒತ್ತಿ ಹಿಡಿದಳು. ಇಂದ್ರಿ ಹೊರಗೆ ನಿಂತು, ಕಾಪಿಯನ್ನು ಗೋಡೆಗೊತ್ತಿ ಬರೆದಳು. "ಲಗೂನ ಬರಿಯವ, ನನ್ನ ಕೈ ಜೋಮು ಹಿಡದಾವು," ಎಂದು ಒಳಗಿನಿಂದ ಬೈಗುಳ. "ಹಾಳಿ ತಿರುವು, ಬಾಯಿ ಮುಚ್ಚು," ಎಂದು ಹೊರಗಿನಿಂದ ಉತ್ತರ. ಕೊನೆಯ ಸಾಲು ಮುಗಿಯಿತು, ಗಂಟೆ ಹೊಡೆಯಿತು.

ಸಂಜೆ ಒಲೆಯ ಮುಂದೆ ಕೊನೆಯ ಪುಟಕ್ಕೆ ರುಮಾಲು ಸುತ್ತುತ್ತಿದ್ದ ಇಂದ್ರಿ ಒಮ್ಮೆಲೇ ಹೋ ಎಂದು ನಕ್ಕಳು. ರೊಟ್ಟಿ ಬಡಿಯುತ್ತಿದ್ದ ಅವ್ವ ಬೆಚ್ಚಿಬಿದ್ದಳು. "ಏನಾತಬೇ?"

"ಕಥ್ಯಾಗಿನ ಮಾಸ್ತರ ಸಿಕ್ಕಬಿದ್ರು ಅವ್ವಾ! ಕರಿ ಕೊಡಿ ಅವರದs!"

ಇಂಡಿಗೆ ಬೇರೊಬ್ಬ ಹುಡುಗಿ ಹೋಗಿ, ಭಜಿ ತಿಂದು, ಬರಿಗೈಯಲ್ಲಿ ಬಂದಳು. ಮಾಳಿಂಗಪ್ಪ ಮಾಸ್ತರರು ಆ ವರ್ಷವಿಡೀ ಇಂದ್ರಿಯ ಕಾಪಿ ಮುಟ್ಟಲಿಲ್ಲ. ಅದರಿಂದ ಆಕೆಗೆ ಬೇಕಾದಷ್ಟು ಪುರುಸೊತ್ತು ಸಿಕ್ಕಿತು.

ನಬಿಸಾಬರ ಕಥೆ ಮುಗಿಯುವ ಹೊತ್ತಿಗೆ ಸಿಂದಗಿ ಬಸ್ಸು ಹಾರ್ನು ಹೊಡೆದು ಹೋಗಿಯೂ ಆಗಿತ್ತು. ರಾವಸಾಬರು ಚಪ್ಪಲಿ ಬಿಟ್ಟು ಒಳಗೆ ಬಂದು, ಇಂದ್ರಾಬಾಯಿಯ ಮುಂದೆಯೇ ಬಗ್ಗಿ ನಿಂತರು. ದನಿ ಮೆತ್ತಗಾಗಿತ್ತು.

"ಅದೆಲ್ಲಾ ಖರೆ ಅಂತ ಇಟ್ಕೋ ತಂಗಿ. ಆದ್ರ ಈಗ ಯಾವ ಕಾವೇರಿ ಬಂದು ಪುಸ್ತಕ ಕೇಳ್ತಾಳ? ಯಾವ ಮಾಸ್ತರ ಅದಾರ? ಇಷ್ಟು ವರ್ಷ ಒಬ್ಬರಿಗೂ ಬಗ್ಗದs ಹಿಂಗs ಬರೀತಿ ಅಂದ್ರ, ಇದರಾಗ ಏನೋ ದೊಡ್ಡ ತತ್ವ ಇರ್ಬೇಕು. ಏನದು, ಹೇಳು."

ಅಂಗಡಿಯಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ಇಂದ್ರಾಬಾಯಿ ಕೊಡದ ಮೇಲಿನ ಪುಡಿ ಊದಿದಳು.

"ರೂಢಿ ಆಗೇತ್ರಿ. ಸ್ವಲ್ಪ ಆ ಕಡಿ ಸರೀರಿ, ಬೆಳಕಿಗೆ ಅಡ್ಡ ನಿಂತೀರಿ."